ಹೊಳೆಯ ಜಾಡಿನ ಹಾಸ್ಕಿನ್

ಏನಾದರೂ ಕೇಳಿದರೆ ಲೈಲ್ ಹಾಸ್ಕಿನ್ ಕೂಡಲೇ ಉತ್ತರಿಸುತ್ತಿರಲಿಲ್ಲ. ಅವರ ಮೌನ ಎಷ್ಟು ದೀರ್ಘವೆಂದರೆ, ಕೇಳಿದವನು ತನ್ನ ಪ್ರಶ್ನೆಯನ್ನೇ ಮರೆತು, ಕೊನೆಗೆ ಉತ್ತರ ಬಂದಾಗ ಅದು ಬೇರೆ ಯಾರಿಗೋ ಸೇರಿದ್ದೆಂಬಂತೆ ಅತ್ತಿತ್ತ ನೋಡಬೇಕಾಗುತ್ತಿತ್ತು. ಫೋನಿನಲ್ಲಂತೂ ಕರೆ ಕಡಿದುಹೋಯಿತೆಂದು ಜನ ಇಟ್ಟೇಬಿಡುತ್ತಿದ್ದರು. ನ್ಯೂ ಮೆಕ್ಸಿಕೊದ ನಮ್ಮ ಲಾ ಕೊರ್ವಾ ಕಣಿವೆಯಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇಬ್ಬರು ಬಾಯಿ ಹಾಕುವುದು ಆತ್ಮೀಯತೆಯ ಲಕ್ಷಣ. ಅಂಥ ಊರಿನಲ್ಲಿ, ನೆಬ್ರಾಸ್ಕದ ಬಯಲಿನಿಂದ ಬಂದ ಈ ಮನುಷ್ಯ ಇಪ್ಪತ್ತಾರು ವರ್ಷ ಕೇಂದ್ರ ಸರ್ಕಾರದ ಕಾಡಿನ ರೇಂಜರಾಗಿ ಬಾಳಿದ್ದು ಸಾಮಾನ್ಯವಲ್ಲ.

ಎತ್ತರದ ಆಳು. ಏರು ಹತ್ತುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬೀಳಿಸಿಕೊಂಡ ಉಂಗುರ ಹುಡುಕುವವರಂತೆ ನೆಲ ನೋಡುತ್ತ ನಡೆಯುತ್ತಿದ್ದರು. ನೋಡುತ್ತಿದ್ದುದು ನೀರು ಹರಿದ ಜಾಡನ್ನು. ಮೈಮೇಲೆ ವರ್ಷವಿಡೀ ಅದೇ ಕಂದು ಕ್ಯಾನ್ವಾಸ್ ಕೋಟು, ತೋಳಿನ ತುಂಬ ಪೈನ್ ಮರದ ಅಂಟು, ಎಡಜೇಬಿನಲ್ಲಿ ಕಿಡಿ ಬಿದ್ದು ಸುಟ್ಟ ತೂತು. ಯೋಚನೆಗೆ ಬಿದ್ದರೆ ಬೆರಳು ಆ ತೂತಿನೊಳಗೆ ಹೋಗುತ್ತಿತ್ತು.

ನಾನು ಆಗ ಶಾಲೆಯಲ್ಲಿ ಪಾಠ ಹೇಳುತ್ತ, ಊರ ಕಾಲುವೆ ಸಂಘದ ಸಭೆಗಳ ನಡಾವಳಿ ಬರೆಯುತ್ತಿದ್ದೆ. ನಮ್ಮ ಹೊಳೆ ಹುಟ್ಟುವ ಶಿಖರ ಕೇಂದ್ರದ್ದು. ಅದರ ಕೆಳಗಿನ ಪಟ್ಟಿ ರಾಜ್ಯದ್ದು. ಅದಕ್ಕೂ ಕೆಳಗೆ ಎರ್ನೆಸ್ತೀನಾ ಓಲ್ಗಿನ್ ಎಂಬ ವಿಧವೆಯ ಜಮೀನು. ತುದಿಯಲ್ಲಿ ನಮ್ಮ ಕಾಲುವೆ, ಮೆಣಸಿನಕಾಯಿ ಹೊಲ, ಸೇಬಿನ ಮರಗಳು. ನೂರು ವರ್ಷ ಸಣ್ಣ ಬೆಂಕಿಯನ್ನೂ ಬಿಡದೆ ನಂದಿಸಿದ್ದರಿಂದ ಪೈನ್ ಗಿಡಗಳು ಒತ್ತೊತ್ತಾಗಿ ಬೆಳೆದು, ಒಂದು ಸಿಡಿಲಿಗೆ ಇಡೀ ಬೆಟ್ಟ ಹೊತ್ತಿಕೊಳ್ಳುವಂತಿತ್ತು. ಪ್ರತಿ ಇಲಾಖೆಯೂ ತನ್ನ ಗಡಿಕಲ್ಲಿನ ತನಕ ಮರ ಸವರಿ ನಿಲ್ಲುತ್ತಿತ್ತು. ಹಾಸ್ಕಿನ್ನರ ಹಟ ಒಂದೇ: ರಾಜ್ಯದ ಆಳುಗಳು ಕೇಂದ್ರದ ಕಾಡಿನಲ್ಲೂ ದುಡಿಯಬೇಕು, ಕೇಂದ್ರದವರು ಖಾಸಗಿ ಜಮೀನಿನ ಕೊರಕಲಿಗೂ ಕಲ್ಲುಕಟ್ಟೆ ಹಾಕಬೇಕು, ಇಡೀ ಬೆಟ್ಟಕ್ಕೆ ಒಂದೇ ಒಪ್ಪಂದವಿರಬೇಕು. ನಾಲ್ಕು ವರ್ಷ ಅಲೆದು ಎರಡೂ ಸರ್ಕಾರಗಳ ಸಹಿ ತಂದರು. ಆದರೆ ಮೇಲಕ್ಕೆ ಹೋಗಲು ಇದ್ದ ಒಂದೇ ದಾರಿ ಎರ್ನೆಸ್ತೀನಾರ ಜಮೀನಿನಲ್ಲಿತ್ತು. ಆಕೆ ಗೇಟಿಗೆ ಸರಪಳಿ ಬಿಗಿದರು.

ಕಾರಣ ಊರಿಗೆಲ್ಲ ಗೊತ್ತಿತ್ತು. ಹಾಸ್ಕಿನ್ ಬಂದ ಹೊಸದರಲ್ಲಿ ಆಕೆಯ ಗಂಡ ಫಿದೆನ್ಸಿಯೊನ ಹನ್ನೊಂದು ಹಸುಗಳು ರಾಜ್ಯದ ಪಟ್ಟಿಯ ಮೇಲಂಚಿನ ಬೇಲಿ ಮುರಿದು ಕೇಂದ್ರದ ಕಾಡಿಗೆ ನುಗ್ಗಿದವೆಂದು ಅವನ್ನು ದೊಡ್ಡಿಗೆ ಹೊಡೆದುಕೊಂಡು ಹೋಗಿದ್ದರು. ಅಜ್ಜನ ಕಾಲದಿಂದ ತಾವು ಮೇಯಿಸಿದ ಹುಲ್ಲಿನಲ್ಲೇ ಕಳ್ಳನೆನಿಸಿಕೊಂಡ ಫಿದೆನ್ಸಿಯೊ ಆಮೇಲೆ ದನ ಕಟ್ಟಲೇ ಇಲ್ಲ, ಕೊರಗಿನಲ್ಲೇ ತೀರಿಕೊಂಡ.

ಒಂದು ಮಾರ್ಚ್ ಮಧ್ಯಾಹ್ನ ಹಾಸ್ಕಿನ್ ನನ್ನನ್ನೂ ಕರೆದುಕೊಂಡು ಆಕೆಯ ಮನೆಗೆ ಹೋದರು. ಒಲೆಯ ಮೇಲೆ ಬೀನ್ಸ್ ಕಾಳು ಬೇಯುತ್ತಿತ್ತು.

"ಬನ್ನಿ ರೇಂಜರಪ್ಪಾ, ಇವತ್ತು ಏನು ಹಿಡ್ಕೊಂಡು ಹೋಗೋಕೆ ಬಂದ್ರಿ? ನನ್ ಹತ್ರ ಈಗ ಕೋಳಿ ಬಿಟ್ರೆ ಬೇರೇನಿಲ್ಲ," ಎನ್ನುತ್ತಲೇ ಆಕೆ ತಟ್ಟೆಗೆ ಬಡಿಸಿದರು.

ಹಾಸ್ಕಿನ್ನರ ಬೆರಳು ಕೋಟಿನ ತೂತಿನೊಳಗೆ ಹೋಯಿತು. ಮುಜುಗರ ತಾಳಲಾರದೆ ನಾನು ಒಪ್ಪಂದದ ವಿಷಯ ಎತ್ತಹೊರಟೆ.

"ಮೇಷ್ಟ್ರೇ, ನೀವು ಸುಮ್ನಿರಿ. ಅವರೇನೋ ನುಂಗ್ಕೊಂಡು ಕೂತಿದಾರೆ."

ಕೊನೆಗೆ ಅವರೆಂದರು: "ಆವತ್ತು ಬೇಲಿ ಮುರಿದಿದ್ದು ನಿಮ್ಮ ಹಸುಗಳಲ್ಲ ಅಮ್ಮಾ. ನಮ್ಮ ಕಡೆಯ ಮರ ಹಿಮದ ಭಾರಕ್ಕೆ ಉರುಳಿ ಬೇಲಿ ಮೇಲೆ ಬಿದ್ದಿತ್ತು. ನಾನು ಕಣ್ಣಾರೆ ನೋಡಿದ್ದೆ. ವರದಿಯಲ್ಲಿ ಬರೀಲಿಲ್ಲ."

ಆಕೆಯ ಕೈಯ ಸೌಟು ನಿಂತಿತು. "ಅವರು ಬದುಕಿದ್ದಾಗ ಹೇಳಬಾರದಿತ್ತಾ?"

"ಹೇಳಬೇಕಿತ್ತು."

"ಇಪ್ಪತ್ತೊಂದು ವರ್ಷ! ಬೇರೆಯವರಾಗಿದ್ರೆ ತಡ ಆಯ್ತು ಅಂತಿದ್ದೆ. ನಿಮಗೆ ಇದೇ ಅವಸರ ಆಗಿರ್ಬೇಕು." ನಗಲು ಹೋದ ದನಿ ಒಡೆಯಿತು. "ಊಟ ಮುಗಿಸಿ ಹೊರಡಿ. ದಾರಿ ವಿಷ್ಯ ಮಾತ್ರ ಎತ್ತಬೇಡಿ."

ಅವರು ಎತ್ತಲಿಲ್ಲ. ಕಚೇರಿಗೆ ಮರಳಿ ತಮ್ಮ ಹಳೆಯ ವರದಿ ಸುಳ್ಳೆಂದು ಮೇಲಧಿಕಾರಿಗಳಿಗೆ ತಾವೇ ಬರೆದುಕೊಂಡರು. ಛೀಮಾರಿ ಬಂತು, ಬರಬೇಕಿದ್ದ ಬಡ್ತಿ ನಿಂತಿತು. ಆ ಪತ್ರದ ಪ್ರತಿ ಎರ್ನೆಸ್ತೀನಾರ ಕೈಸೇರಿದ ಒಂಬತ್ತನೆಯ ದಿನ ಸರಪಳಿ ಬಿಚ್ಚಿತು. ಆಕೆಯದೊಂದು ಷರತ್ತು: ಫಿದೆನ್ಸಿಯೊ ದನ ಮೇಯಿಸುತ್ತಿದ್ದ, ಈಗ ಪೈನ್ ನುಂಗಿಹಾಕಿದ ಹುಲ್ಲುಗಾವಲಿನಲ್ಲೇ ಮೊದಲ ಕೊಡಲಿ ಬೀಳಬೇಕು. "ಅದು ನಿಮ್ಮ ನಕ್ಷೆಯಲ್ಲಿಲ್ಲ. ನಾನು ತೋರಿಸ್ತೀನಿ, ನನ್ ಹಿಂದೆ ಬನ್ನಿ," ಎಂದ ಅರವತ್ತೆಂಟರ ಆ ಹೆಂಗಸು ಮುಂದೆ, ಹಾಸ್ಕಿನ್ ಹಿಂದೆ, ಬೆಟ್ಟ ಹತ್ತಿದ ನೋಟ ನನ್ನ ಕಣ್ಣಲ್ಲಿ ಇನ್ನೂ ಹಸಿಯಾಗಿದೆ. ಮರಗಳು ಉರುಳಿದ ಮರುವಸಂತದಲ್ಲಿ ಅಲ್ಲಿ ಬತ್ತಿದ್ದ ಒರತೆಯೊಂದು ಜಿನುಗತೊಡಗಿತು.

ಮೂರು ವರ್ಷಗಳ ನಂತರ ಜೂನಿನಲ್ಲಿ ಬೆಂಕಿ ಬಂದೇ ಬಂತು. ಶಿಖರದಾಚೆಯಿಂದ ಮರದ ತಲೆಯಿಂದ ತಲೆಗೆ ಹಾರುತ್ತ ಬಂದದ್ದು, ಮರ ತೆಳುವಾಗಿದ್ದ ನಮ್ಮ ಇಳಿಜಾರಿನಲ್ಲಿ ನೆಲಕ್ಕಿಳಿದು ತೆವಳಿತು. ಎರಡು ಇಲಾಖೆಯವರೂ ಊರವರೂ ಸೇರಿ ಅದನ್ನು ಅಲ್ಲೇ ತಡೆದರು. ಆದರೆ ಪಕ್ಕದ ಇಳಿಜಾರು ಉಳಿಯಲಿಲ್ಲ. ಅದರ ಒಡೆಯ ದೂರದ ನಗರದಲ್ಲಿದ್ದು ಒಪ್ಪಂದದ ಕಾಗದಗಳಿಗೆ ಉತ್ತರಿಸಿರಲಿಲ್ಲ. ಜುಲೈ ಮಳೆಗೆ ಆ ಕಡೆಯ ಬೂದಿ ಕಪ್ಪು ಗಂಜಿಯಾಗಿ ಇಳಿದು ನಮ್ಮ ಕಾಲುವೆ ಕಟ್ಟಿಕೊಂಡಿತು. ಎರಡು ವಾರ ಸಲಿಕೆ ಹಿಡಿದವರಲ್ಲಿ ಹಾಸ್ಕಿನ್ ಕೂಡ ಒಬ್ಬರು.

"ಮುಕ್ಕಾಲು ಪಾಲು ಉಳೀತಲ್ಲ, ಇನ್ನೇನು ಬೇಕು?" ಎಂದು ನಾನು ಸಮಾಧಾನ ಹೇಳಿದೆ.

ಅವರು ಹತ್ತಾರು ಸಲ ಕೆಸರೆತ್ತಿ ಹಾಕಿದ ಮೇಲೆ ಉತ್ತರ ಬಂತು. "ಕಾಗದ ಬರೆದೆ ಮೇಷ್ಟ್ರೇ. ನಾನೇ ಹೋಗಿ ಅವನ ಮನೇಲಿ ಕೂರಬೇಕಿತ್ತು."

ಮರುವಾರ ಹೋಗಿ ಕೂತರು. ಆ ಇಳಿಜಾರೂ ಒಪ್ಪಂದಕ್ಕೆ ಸೇರಿತು. ಎರಡು ವರ್ಷಕ್ಕೆ ನಿವೃತ್ತರಾಗಿ ಮಗಳ ಊರಿಗೆ ಹೋದ ಅವರು ಅಲ್ಲೇ ತೀರಿಕೊಂಡರೆಂದು ತಿಳಿದಾಗ, ಎರ್ನೆಸ್ತೀನಾ ಆ ದಿನದ ಕಾಲುವೆ ಸಭೆಯಲ್ಲಿ ಎದ್ದು ನಿಂತು, ಅವರ ಒಂದು ಉತ್ತರಕ್ಕೆ ಕಾಯುವಷ್ಟು ಹೊತ್ತು ಯಾರೂ ಮಾತಾಡಕೂಡದೆಂದರು. ಲಾ ಕೊರ್ವಾದ ಜನ ಅಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ನಾನು ಮತ್ತೆ ಕಂಡಿಲ್ಲ.

ಇಲಾಖೆ ಇಲಾಖೆಗಳ ನಡುವೆ ಒಪ್ಪಂದವಾಯಿತೆಂದು ನಾವು ಸರಾಗವಾಗಿ ಹೇಳುತ್ತೇವೆ. ಇಲಾಖೆಗಳಿಗೆ ನಾಚಿಕೆಯೆಂಬುದಿಲ್ಲ, ಆದ್ದರಿಂದ ಅವು ತಾವಾಗಿ ಯಾರ ಮನಸ್ಸನ್ನೂ ಗೆಲ್ಲಲಾರವು. ಅವುಗಳ ಪರವಾಗಿ ನಾಚಿಕೊಳ್ಳಬಲ್ಲ ಒಬ್ಬ ನೌಕರ ಎಲ್ಲೋ ಒಂದು ಮೂಲೆಯಲ್ಲಿ ಇರಬೇಕಾಗುತ್ತದೆ. ಅಂಥವರ ಹೆಸರನ್ನು ಯಾರೂ ಬೆಟ್ಟಕ್ಕಿಡುವುದಿಲ್ಲ. ಬೇಸಿಗೆಯಲ್ಲಿ ನೀರು ಬಂದಾಗ ಅವರನ್ನು ನೆನೆಯುವುದೂ ಇಲ್ಲ. ಬರಬೇಕಾದದ್ದು ಬಂತು ಎಂದುಕೊಂಡು ಹೊಲಕ್ಕೆ ತಿರುಗಿಸಿಕೊಳ್ಳುತ್ತೇವೆ. ಹಾಗೆ ಅಂದುಕೊಳ್ಳುವಷ್ಟು ನಮ್ಮನ್ನು ನಿಶ್ಚಿಂತರನ್ನಾಗಿ ಮಾಡಿ ಹೋಗುವುದೇ ಅವರು ಮಾಡಿದ ಕೆಲಸ.