ಅಡಿತಗಡು

"ಇನ್ನೂ ಮೇಲಕ್ಕೆ ಒತ್ತು," ಎಂದ ಜಹ್ರಾನ್, ಪಿಕಪ್ಪಿನ ಹೊಟ್ಟೆಯಡಿ ಅಂಗಾತ ಮಲಗಿಕೊಂಡೇ. "ಚಕ್ರ ತಿರುಗಿಸೋ ಸರಳಿಗೆ ಅಂಟ್ಕೊಂಡಿರ್ಬೇಕು. ನಡುವೆ ಒಂದು ಹರಳೂ ನುಗ್ಗಬಾರ್ದು."

ಪಕ್ಕದಲ್ಲಿ ಮಲಗಿದ್ದ ಚಿಕ್ಕಪ್ಪನ ಮಗ ಗಸ್ಸಾಬ್ ಉಕ್ಕಿನ ತಗಡನ್ನು ಎರಡೂ ಅಂಗೈಯಲ್ಲಿ ಹೊತ್ತು ಹಿಡಿದಿದ್ದ. "ಬಂಡೆ ಬಡಿದ್ರೆ ತಗಡು ತಗ್ಗಾಗ್ತದೆ ಕಣೋ. ತಗ್ಗಾಗೋಕೆ ಜಾಗ ಬೇಡ್ವಾ? ನಾಲ್ಕು ಬೆರಳು ಬಿಡು."

"ತಗ್ಗಾಗದಷ್ಟು ದಪ್ಪ ಇದೆ."

"ನಿನ್ನ ತಲೆ ಹಾಗೇ," ಎಂದು ಗೊಣಗಿ ಗಸ್ಸಾಬ್ ಮೇಲಕ್ಕೆ ಒತ್ತಿದ. ಬೋಲ್ಟುಗಳನ್ನು ಬಿಗಿದದ್ದು ಸಾಲದೆ, ಕುಲುಕಾಟಕ್ಕೆ ಸಡಿಲವಾದೀತೆಂದು ಜಹ್ರಾನ್ ನಟ್ಟುಗಳಿಗೂ ಬೆಸುಗೆ ಹಾಕಿದ.

ನಸ್ರಾ ಅಂಗಳದ ದಾಳಿಂಬೆ ಗಿಡದ ನೆರಳಲ್ಲಿ ಕೂತು ನೋಡುತ್ತಿದ್ದಳು. "ತಗಡು ಇನ್ನೂ ಉಳಿದಿದ್ರೆ ನಂಗೂ ಒಂದು ಬಡಿದುಬಿಡಿ," ಎಂದಳು. ಗಸ್ಸಾಬ್ ನಕ್ಕ. ಅವಳ ಗಂಡ ಜಹ್ರಾನ್ ನಗಲಿಲ್ಲ.

ಅವಳ ಮೂತ್ರಪಿಂಡಗಳು ಕೈಕೊಟ್ಟು ಎರಡನೇ ವರ್ಷ ನಡೆಯುತ್ತಿತ್ತು. ವಾರಕ್ಕೆ ಮೂರು ಸಲ ಬೆಟ್ಟದಿಂದಿಳಿದು ವಾದಿ ಎಂಬ ಒಣಕಣಿವೆಯ ಕಲ್ಲುಹಾದಿ ದಾಟಿ, ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡುವ ಯಂತ್ರದ ಪಕ್ಕ ಅರ್ಧ ದಿನ ಮಲಗಬೇಕು. ಹೋದ ತಿಂಗಳು ವಾದಿಯ ನಡುವಿನ ಬಂಡೆಮೆಟ್ಟಿಲಲ್ಲಿ, ಮುಂದಿನ ಎರಡು ಚಕ್ರಗಳನ್ನು ಕೂಡಿಸಿ ತಿರುಗಿಸುವ ಉಕ್ಕಿನ ಸರಳು ಬಿಲ್ಲಿನಂತೆ ಬಾಗಿ, ಚಕ್ರಗಳು ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಅಂದು ಆಸ್ಪತ್ರೆ ತಪ್ಪಿತು. ಮರುದಿನ ಅವಳ ಪಾದಗಳು ಊದಿಕೊಂಡವು, ಉಸಿರು ಕಟ್ಟತೊಡಗಿತು. ಆ ಉಸಿರಿನ ಸದ್ದು ಜಹ್ರಾನನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಅಂದಿನಿಂದ ಅವನು ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಊಟದ ನಡುವೆ ಎದ್ದು ಹೋಗಿ ಗಾಡಿಯ ಕೆಳಗೆ ಬಗ್ಗಿ ನೋಡಿ ಬರುತ್ತಿದ್ದ. ಡಾಕ್ಟರು ಬೇಡವೆಂದಿದ್ದ ಖರ್ಜೂರದ ಡಬ್ಬಿಯನ್ನು ಅವಳ ಕೈಗೆಟುಕದ ಹಲಗೆಗೆ ಏರಿಸಿದ. ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಿದ್ದ. ಪಟ್ಟಣದಲ್ಲೇ ಮನೆ ಮಾಡೋಣವೆಂದು ಗೋಗರೆದ.

"ಅಲ್ಲಿಗೆ ಹೋಗೋದು ಯಂತ್ರದ ಪಕ್ಕ ಬಿದ್ಕೊಳ್ಳೋಕೆ," ಎಂದಿದ್ದಳು ನಸ್ರಾ. "ಬದುಕೋಕಾದ್ರೂ ಮೇಲೆ ಬರ್ತೀನಿ, ಬಿಡು."

ಹಾಗಾಗಿ ಈ ತಗಡು.

ಮರುದಿನ ಬೆಳಿಗ್ಗೆ ಹೊರಟರು. ಮೇಲಿನ ತಿರುವುಗಳಲ್ಲಿ ಕಲ್ಲು ಬಡಿದಾಗಲೆಲ್ಲ ತಗಡು ಗಂಟೆಯಂತೆ ಮೊಳಗಿತು. ಪ್ರತಿ ಸದ್ದಿಗೂ ಜಹ್ರಾನ್ ಹೆಂಡತಿಯ ಕಡೆ ನೋಡಿ, "ಕೇಳ್ತಾ? ಸರಳಿಗೆ ಏನೂ ಆಗ್ಲಿಲ್ಲ," ಎನ್ನುತ್ತಿದ್ದ. ಅವಳು ಕಿಟಕಿಯಾಚೆಯ ಆಡುಗಳನ್ನು ನೋಡುತ್ತಿದ್ದಳು.

ಬಂಡೆಮೆಟ್ಟಿಲಲ್ಲಿ ಎಂದಿನಂತೆ ದೊಡ್ಡ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ಇಳಿಸಿದ. ಕೆಳಗಿನಿಂದ ಕರ್ರೆಂಬ ಸದ್ದು ಬಂದು ಗಾಡಿ ಮುಗ್ಗರಿಸಿ ನಿಂತಿತು. ಎಡಕ್ಕೆ ತಿರುಗಿಸಲು ಹೋದರೆ ಸ್ಟೀರಿಂಗ್ ಅಲುಗಲಿಲ್ಲ. ಬಲಕ್ಕೆ ಮಾತ್ರ ತಿರುಗುತ್ತಿತ್ತು. ಬಲಕ್ಕೆ ಪ್ರಪಾತ.

ಅವನು ಮೆಲ್ಲಗೆ ಹಿಂದಕ್ಕೆ ಸರಿಸಿ, ಹಿಂಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗೆ ತೂರಿದ. ತಗಡಿನ ಮುಂದಿನ ಅಂಚು ಮೇಲಕ್ಕೆ ಮಡಚಿಕೊಂಡು ಸರಳನ್ನು ಹಲ್ಲಿನಂತೆ ಕಚ್ಚಿ ಹಿಡಿದಿತ್ತು. ಸರಳು ನೆಟ್ಟಗೇ ಇತ್ತು. ಕಿತ್ತುಹಾಕೋಣವೆಂದರೆ ನಟ್ಟುಗಳಿಗೆಲ್ಲ ಅವನದೇ ಬೆಸುಗೆ.

ಜಾಕಿನ ಉದ್ದನೆಯ ಸರಳನ್ನು ತಗಡಿನ ಅಂಚಿನ ಮೇಲಿಂದ ತೂರಿಸಿ, ತುದಿಯನ್ನು ಅಚ್ಚಿನ ಕೆಳಗೆ ಕೊಟ್ಟು ಕೆಳಕ್ಕೆ ಅದುಮಿದ. ಅದು ಕೂದಲಷ್ಟೂ ಬಗ್ಗಲಿಲ್ಲ. ಬೆವರು ಕಣ್ಣಿಗಿಳಿಯಿತು. ಮತ್ತೆ ಅದುಮಿದ. ಕೈ ಜಾರಿ ಗೆಣ್ಣು ಸುಲಿಯಿತು. ಎದ್ದು ಗಾಡಿಯನ್ನು ಒಂದು ಸುತ್ತು ಹಾಕಿದ, ಆಕಾಶ ನೋಡಿದ, ಸಿಗ್ನಲ್ಲಿಲ್ಲದ ಫೋನು ತೆಗೆದ, ಮತ್ತೆ ಜೇಬಿಗೆ ಹಾಕಿದ.

ನಸ್ರಾ ಇಳಿದು ಬಂದಳು.

"ನೀನ್ಯಾಕೆ ಇಳಿದೆ? ಬಿಸಿಲು! ಒಳಗೆ ಕೂತ್ಕೋ."

"ಒಬ್ಬನ ಭಾರಕ್ಕೆ ಬಗ್ಗಲ್ಲ ಅದು. ಸರಿ ಆಚೆ."

"ಆ ಕೈ ಮೇಲೆ ಭಾರ ಹಾಕ್ಬಾರ್ದು ಅಂತ ಡಾಕ್ಟ್ರು—"

"ಕೈ ಯಾರು ಹಾಕ್ತಾರೆ?" ಸೂಜಿ ಚುಚ್ಚಿಸಿಕೊಳ್ಳುವ ಎಡಗೈಯನ್ನು ಎದೆಗವಚಿಕೊಂಡು ಅವಳು ಜಾಕಿನ ಸರಳಿನ ತುದಿಯ ಮೇಲೆ ಕುಂಡೆಯೂರಿ ಕೂತೇಬಿಟ್ಟಳು. "ಕೈಯೊಂದೇ ಆಸ್ಪತ್ರೆದು. ಮಿಕ್ಕಿದ್ದೆಲ್ಲ ನಂದೇ ಇನ್ನೂ. ಅದುಮು, ನೋಡ್ತಾ ನಿಂತ್ಕೋಬೇಡ!"

ಅವನು ಅದುಮಿದ. ಅವಳು ಜಗ್ಗಿ ಕೂತಳು. ಉಕ್ಕು ನರಳಿತು. ಒಮ್ಮೆಲೇ ಅಂಚು ಕೆಳಕ್ಕೆ ಬಗ್ಗಿ, ಇಬ್ಬರೂ ಜಲ್ಲಿಯ ಮೇಲೆ ಉರುಳಿದರು. ಜಹ್ರಾನ್ ಗಾಬರಿಯಿಂದ ಅವಳ ತೋಳು ಹಿಡಿದುಕೊಂಡ. ಅವಳು ನಗುತ್ತಿದ್ದಳು. ತಲೆವಸ್ತ್ರ ಜಾರಿ ಕೂದಲ ತುಂಬ ಧೂಳಾಗಿತ್ತು.

ಅವನು ಒಳಗೆ ಹೋಗಿ ಸ್ಟೀರಿಂಗ್ ತಿರುಗಿಸಿ ನೋಡಿದ. ಎರಡೂ ಕಡೆ ತಿರುಗಿತು. ಆದರೆ ಕೆಳಕ್ಕೆ ಬಗ್ಗಿದ ತಗಡು ಈಗ ನೇಗಿಲಿನಂತೆ ಜೋತುಬಿದ್ದಿತ್ತು. ಇನ್ನೊಂದು ಕಲ್ಲು ಅದಕ್ಕೆ ಸಿಕ್ಕರೆ ಕತೆ ಮುಗಿಯಿತು. ಮುಂದೆ ಯಾರಾದರೂ ನಡೆದು ಕಲ್ಲು ಎತ್ತಿಹಾಕಬೇಕು, ದಾರಿ ತೋರಬೇಕು.

ಕಲ್ಲು ಎತ್ತುವುದು ಅವಳಿಂದಾಗದು. ಜಹ್ರಾನ್ ಸ್ವಲ್ಪ ಹೊತ್ತು ಚಾವಿಯನ್ನೇ ನೋಡುತ್ತ ಕೂತ. ಮೊದಲೆಲ್ಲ ಈ ಹಾದಿಯಲ್ಲಿ ಅವನಿಗಿಂತ ಚೆನ್ನಾಗಿ ಓಡಿಸುತ್ತಿದ್ದವಳು ನಸ್ರಾ. ರೋಗ ಬಂದ ದಿನದಿಂದ ಅವನು ಚಾವಿ ಕೊಟ್ಟಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ.

"ತಲೆ ಸುತ್ತಿದ್ರೆ ತಕ್ಷಣ ನಿಲ್ಲಿಸ್ಬೇಕು," ಎಂದು ಚಾವಿಯನ್ನು ಗಾಡಿಯಲ್ಲೇ ಬಿಟ್ಟು ಇಳಿದ.

"ಸುತ್ತಿದ್ರೆ ಹೇಳ್ತೀನಿ. ನೀನು ಕಲ್ಲು ನೋಡು."

ಅವನು ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯತೊಡಗಿದ. ಸಣ್ಣ ಕಲ್ಲುಗಳನ್ನು ಎತ್ತಿ ಬಿಸಾಡಿದ. ಆ ದೊಡ್ಡ ಕಲ್ಲು ಬಂದಾಗ ಎರಡೂ ಕೈ ಎತ್ತಿ ಕೂಗಿದ: "ನಡುವೆ ಬಿಟ್ಕೋ! ನಡುವೆ!"

ನಸ್ರಾ ಕಿಟಕಿಯಿಂದ ತಲೆ ಹೊರಹಾಕಿದಳು. "ನಡುವೆ ಬಿಟ್ಟೇ ಎರಡು ಸಲ ಕೆಟ್ಟಿದ್ದು. ಚಕ್ರ ಇರೋದ್ಯಾಕೆ? ಕಲ್ಲಿನ ಮೇಲೇ ಹತ್ಲಿ."

"ಗಾಡಿ ವಾಲುತ್ತೆ ನಸ್ರಾ!"

"ವಾಲ್ಲಿ."

ಎಡಚಕ್ರ ಕಲ್ಲಿಗೆ ಮುತ್ತಿಕ್ಕಿ, ಒಂದು ಕ್ಷಣ ತಡೆದು, ಹತ್ತತೊಡಗಿತು. ಗಾಡಿ ಪ್ರಪಾತದ ಕಡೆಗೆ ವಾಲಿತು. ಗಾಜಿನಾಚೆ ಅವಳ ಕಣ್ಣು ಕಲ್ಲಿನ ಮೇಲೇ ನೆಟ್ಟಿತ್ತು, ತುಟಿ ಕಚ್ಚಿಕೊಂಡಿದ್ದಳು. ಅವನು ಎತ್ತಿದ ಕೈಗಳನ್ನು ಇಳಿಸಿ, ದಾರಿಯ ಬದಿಗೆ ಸರಿದು ನಿಂತ. ಚಕ್ರ ನೆತ್ತಿಗೇರಿ, ಆಚೆ ಮೆಲ್ಲಗೆ ಇಳಿಯಿತು. ತಗಡು ಎಲ್ಲೂ ತಾಗಲಿಲ್ಲ.

ಡಾಂಬರು ರಸ್ತೆ ಸಿಕ್ಕಲ್ಲಿ ಅವಳು ನಿಲ್ಲಿಸಿದಳು. ಅವನು ಚಾಲಕನ ಬಾಗಿಲ ಬಳಿ ಬಂದು ನಿಂತ. ಅವಳು ಅಲುಗಲಿಲ್ಲ.

"ಆ ಕಡೆಯಿಂದ ಹತ್ತು," ಎಂದಳು. "ತಡವಾಯ್ತು. ಹಾಸಿಗೆ ಬೇರೆಯವ್ರಿಗೆ ಕೊಟ್ಟುಬಿಡ್ತಾರೆ, ಫೋನ್ ಮಾಡು."

ಅವನು ಸುತ್ತಿ ಬಂದು ಹತ್ತಿದ. ಫೋನ್ ಮಾಡಿದ. ಹಾಸಿಗೆ ಕಾದಿರಿಸಿದ್ದಾರೆ, ಬೇಗ ಬನ್ನಿ ಎಂದರು. ಅಷ್ಟಾದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಕೈಗಳನ್ನು ಮೊಣಕಾಲ ಮೇಲಿಟ್ಟ, ತೆಗೆದ, ತೋಳು ಕಟ್ಟಿದ, ಬಿಚ್ಚಿದ. ಕೊನೆಗೆ ಗಾಜು ಇಳಿಸಿ ಒಂದು ಕೈಯನ್ನು ಹೊರಗೆ ಚಾಚಿದ. ಸುಲಿದ ಗೆಣ್ಣಿಗೆ ಗಾಳಿ ಉರಿಯುತ್ತ ತಾಗಿತು. ಅವನು ಕೈಯನ್ನು ಹಾಗೇ ಬಿಟ್ಟ.