ಹೆಬ್ಬಾವು ಮಾತಾಡುವ ಮೂರನೇ ಭಾಗ

ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುವ ಕಡೆ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಬಾಯಿ ಮಾಡಬೇಕಾದ ಕೆಲಸವನ್ನು ಕೈಯೂ ಹುಬ್ಬೂ ಮಾಡುತ್ತವೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲೇ ಬೆಳೆದು, ಈಗ ಅಂಥ ನಾಲ್ಕು ಮಗ್ಗ ಇಟ್ಟುಕೊಂಡಿದ್ದ ರವಿಶಂಕರನಿಗೆ ಆ ಸನ್ನೆಗಳನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬೆರಳು ಕತ್ತರಿಯಾದರೆ ಎಳೆ ಹರಿದಿದೆ. ಮುಷ್ಟಿ ಉರುಳಿದರೆ ಲಾಳಿಯೊಳಗಿನ ಕಂಡಿಗೆಗೆ ಸುತ್ತಿದ ನೂಲು ಮುಗಿದಿದೆ. ಹೆಬ್ಬೆರಳು ತುಟಿಗೆ ಹೋದರೆ ಟೀ.

ಆದರೆ ಅವನ ಹೆಂಡತಿ ವಾಣಿ ಈಚೆಗೆ ಕೂಲಿ ನೇಕಾರ ದೇವರಾಜನಿಗೆ ಮಾಡುತ್ತಿದ್ದ ಸನ್ನೆಗಳು ಅವನಿಗೆ ತಿಳಿಯುತ್ತಿರಲಿಲ್ಲ. ಕಂಡಿಗೆ ಕೊಡಲು ಬಂದವಳು ಮಗ್ಗದ ಪಕ್ಕ ನಿಂತು ಅಂಗೈಯನ್ನು ಆಳಕ್ಕೆ ಇಳಿಸುವಳು, ತೋಳನ್ನು ಬಳುಕಿಸುವಳು, ಕುತ್ತಿಗೆಯ ಮೇಲೆ ಬೆರಳು ಎಳೆಯುವಳು. ದೇವರಾಜ ಕಣ್ಣರಳಿಸುವನು. ರವಿಶಂಕರ ಬಾಗಿಲಲ್ಲಿ ಕಾಣಿಸಿಕೊಂಡರೆ ಎರಡು ಜೊತೆ ಕೈಗಳೂ ತಣ್ಣಗಾಗುತ್ತಿದ್ದವು.

"ನಿನ್ ಹೆಂಡ್ತಿ ಕೈಗೆ ನಾಲಿಗೆ ಬಂದೈತೆ ಕಣಪ್ಪಾ, ನೋಡ್ಕೋ," ಎಂದಳು ತಾಯಿ ಅಕ್ಕಯ್ಯಮ್ಮ, ಅವರೆಕಾಯಿ ಬಿಡಿಸುತ್ತ.

ಅವನು ನೋಡಿಕೊಂಡ. ಅದೇ ತಪ್ಪಾಯಿತೇನೋ. ನೋಡುತ್ತ ಹೋದಂತೆ ಎಲ್ಲದರಲ್ಲೂ ಆ ಗುಟ್ಟೇ ಕಾಣತೊಡಗಿತು. ಅವಳು ಒಲೆಯ ಮುಂದೆ ತನ್ನಷ್ಟಕ್ಕೆ ನಕ್ಕರೆ ಅದೇ, ಸುಮ್ಮನಿದ್ದರೂ ಅದೇ. ನೇರವಾಗಿ ಕೇಳಬಹುದಿತ್ತು. ಕೇಳಿ, ಅವಳು "ಏನಿಲ್ಲ" ಎಂದುಬಿಟ್ಟರೆ ಆ ಏನಿಲ್ಲವನ್ನು ಜೀವನವಿಡೀ ಹೊರಬೇಕಲ್ಲ ಎಂದು ಹೆದರಿದ. ಶನಿವಾರ ಬೆಳಿಗ್ಗೆ, ಮಗ್ಗಗಳಿಗೆ ಆಳು ಕೊಡಿಸುವ ಬೀದಿ ಕೊನೆಯ ಕೊಂಡಪ್ಪನ ಹತ್ತಿರ ಹೋಗಿ, "ಸೋಮವಾರದಿಂದ ದೇವರಾಜನ ಮಗ್ಗಕ್ಕೆ ಬೇರೆ ಆಳು ನೋಡು," ಎಂದು ಹೇಳಿ ಬಂದ. ಕಾರಣ ಹೇಳಲಿಲ್ಲ. ಹೇಳದ ಕಾರಣವನ್ನು ಬೀದಿ ತಾನೇ ಹುಡುಕಿಕೊಳ್ಳುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಮಧ್ಯಾಹ್ನ ಮಗ್ಗದ ಕೋಣೆಗೆ ಬಂದರೆ, ವಾಣಿ ದೇವರಾಜನ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದಳು. ರವಿಶಂಕರನ ಕಾಲು ತಾನಾಗಿ ಆ ಕಡೆ ನಡೆಯಿತು. ಅವನು ಎರಡನೇ ಮಗ್ಗ ದಾಟುವಷ್ಟರಲ್ಲಿ ಕರೆಂಟು ಹೋಯಿತು.

ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ಆ ನಿಶ್ಶಬ್ದದೊಳಗೆ ವಾಣಿಯ ಕೂಗು ಮಾತ್ರ ಉಳಿಯಿತು:

"ಎರಡನೇ ಭಾಗ ಬೋರು ಅಂತ ಬಿಟ್ಬಿಡ್ಬೇಡ ಕಣೋ! ಮೂರನೇದ್ರಲ್ಲಿ ಹೆಬ್ಬಾವು ಮಾತಾಡ್ತದೆ!"

ಹಿತ್ತಲಲ್ಲಿ ಅಕ್ಕಯ್ಯಮ್ಮನ ಕೈಯ ಅವರೆಕಾಯಿ ಅಲ್ಲೇ ನಿಂತಿತು.

"ಅಯ್ಯೋ ಅಕ್ಕಾ!" ದೇವರಾಜ ತಲೆ ಚಚ್ಚಿಕೊಂಡ. "ಮುಂದಿಂದು ಹೇಳ್ಬೇಡಿ ಅಂತ ಎಷ್ಟ್ ಸಲ ಬಡ್ಕೊಂಡೆ!"

"ನೀನು ಓದೋ ಸ್ಪೀಡಿಗೆ ಹೆಬ್ಬಾವು ಸತ್ತೇ ಹೋಗ್ತದೆ. ಅದಕ್ಕೇ ಹೇಳ್ದೆ."

ಆಮೇಲೆ ಇಬ್ಬರೂ ರವಿಶಂಕರನ ಮುಖ ನೋಡಿದರು. ಅವನ ಮುಷ್ಟಿ ಇನ್ನೂ ಬಿಗಿದೇ ಇತ್ತು.

"ಏನದು?" ಎಂದ.

"ಕಥೆ ಪುಸ್ತಕ ಅಣ್ಣ. ಐದು ಭಾಗ," ಎಂದ ದೇವರಾಜ. "ಒಬ್ಳು ಹುಡುಗಿ ಕೋಟೆ ಬಾವಿಗೆ ಇಳೀತಾಳೆ. ಕೆಳಗೆ ಬೇರೆ ರಾಜ್ಯನೇ ಐತೆ. ನಮ್ಮ ಮಾಕಳಿದುರ್ಗ ಇದ್ದಂಗೇ ಐತೆ ಆ ಕೋಟೆ. ಅಕ್ಕ ಓದು ಓದು ಅಂತ ಗಂಟುಬಿದ್ರು." ಸ್ವಲ್ಪ ತಡೆದು, ದನಿ ಇಳಿಸಿದ. "ಅಣ್ಣ, ಬೆಳಿಗ್ಗೆ ಕೊಂಡಪ್ಪ ಸಿಕ್ಕಿದ್ದ. ಸೋಮವಾರದಿಂದ ನನ್ನ ಮಗ್ಗಕ್ಕೆ ಬೇರೆಯೋರು ಅಂದ. ನೇಯ್ಗೆಲಿ ಏನಾದ್ರೂ ತಪ್ಪಾಯ್ತಾ?"

ವಾಣಿ ಗಂಡನ ಮುಷ್ಟಿ ನೋಡಿದಳು, ದೇವರಾಜನನ್ನು ನೋಡಿದಳು, ತಾನು ನಿಂತ ಜಾಗವನ್ನೂ ನೋಡಿಕೊಂಡಳು. ಅವಳ ಮುಖದ ನಗು ಒಂದೊಂದೇ ಎಳೆಯಾಗಿ ಹರಿಯಿತು.

"ಓ," ಎಂದಳು. ಅಷ್ಟೇ.

"ಕೊಂಡಪ್ಪಂಗೆ ಫೋನ್ ಮಾಡಿ ಬೇಡ ಅಂತೀನಿ," ಎಂದ ರವಿಶಂಕರ. ಮತ್ತೆ ವಾಣಿಯ ಕಡೆ ತಿರುಗಿದ. "ನಂಗೊಂದ್ ಮಾತು ಹೇಳಿದ್ರೆ ಆಗ್ತಿತ್ತು ತಾನೇ?"

"ಹೇಳಿದ್ದೆ. ಮದುವೆಯಾದ ಹೊಸದ್ರಲ್ಲಿ. ಮಕ್ಕಳ ಕಥೆ ಅಂತ ಆ ಕಡೆ ತಿರುಗಿ ಮಲಗಿದ್ರಿ."

ದೇವರಾಜ ಮೊಳೆಗೆ ಹಾಕಿದ್ದ ಅಂಗಿ ತೆಗೆದುಕೊಂಡ. "ಬ್ಯಾಡ ಅಣ್ಣ. ಕೊಂಡಪ್ಪನ ಬಾಯಿಗೆ ಬಿದ್ದ ಮೇಲೆ ನಾನು ಇಲ್ಲೇ ಇದ್ರೆ ಅಕ್ಕನ ಹೆಸರು ಕೆಡ್ತದೆ. ನಾನೇ ಹೋಗ್ತೀನಿ."

"ನೀನ್ ಹೋದ್ರೇನೇ ಕೆಡೋದು," ಎಂದಳು ವಾಣಿ. ಒಳಗೆ ಹೋಗಿ ಎರಡು ಪುಸ್ತಕ ತಂದಳು. ಮೂರನೇ ಭಾಗವನ್ನು ದೇವರಾಜನ ಕೈಗಿಟ್ಟಳು. "ಸೋಮವಾರ ಬಾ. ಮುಂಬಾಗಿಲಿಂದ ಬಾ, ಪುಸ್ತಕ ಕೈಯಲ್ಲಿ ಹಿಡ್ಕೊಂಡೇ ಬಾ. ಬೀದಿ ನೋಡ್ಲಿ."

ಅವನು ರವಿಶಂಕರನ ಕಡೆ ತಿರುಗಿದ. ರವಿಶಂಕರ ತಲೆಯಾಡಿಸಿದ. ದೇವರಾಜ ಅಂಗಿಯನ್ನು ಮತ್ತೆ ಮೊಳೆಗೆ ಹಾಕಿ, ನೀರು ಕುಡಿಯಲು ಹಿತ್ತಲಿಗೆ ಹೋದ.

ಇನ್ನೊಂದು ಪುಸ್ತಕ ವಾಣಿಯ ಕೈಯಲ್ಲೇ ಇತ್ತು. ಮೊದಲನೇ ಭಾಗ. ರವಿಶಂಕರ ಕೈ ಚಾಚಿದ.

"ಯಾಕೆ?" ಎಂದಳು. ಅವನನ್ನು ಹಾಗೆ ಅಳೆಯುವಂತೆ ಅವಳು ಎಂದೂ ನೋಡಿದ್ದಿಲ್ಲ. "ಓದೋಕಾ? ಇಲ್ಲ ನಾವು ಹೇಳಿದ್ದೆಲ್ಲಾ ಅದ್ರಲ್ಲಿ ಐತಾ ಅಂತ ನೋಡೋಕಾ?"

ಕರೆಂಟು ಬರಲಿ ಎಂದು ಅವನು ಅಷ್ಟು ಆಸೆಪಟ್ಟಿದ್ದು ಅದೇ ಮೊದಲು. ಬರಲಿಲ್ಲ. ಅರ್ಧ ನೇಯ್ದು ನಿಂತ ಸೀರೆಯ ಮೇಲೆ ಬಿಸಿಲು ಸುಮ್ಮನೆ ಬಿದ್ದಿತ್ತು.

"ಗೊತ್ತಿಲ್ಲ," ಎಂದ. ಸುಳ್ಳಾಗಿರಲಿಲ್ಲ.

ವಾಣಿ ಪುಸ್ತಕವನ್ನು ಅವನ ಕೈಗೆ ಕೊಡಲಿಲ್ಲ, ಒಳಗೂ ಒಯ್ಯಲಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಗೊತ್ತಾದ್ಮೇಲೆ ತಗೊಳ್ಳಿ," ಎಂದು ಕಂಡಿಗೆ ಬುಟ್ಟಿ ಎತ್ತಿಕೊಂಡು ಹೋದಳು.