ಕಾಲು ಎಟುಕುವ ತನಕ

ಅರ್ಧ ಮಿಲಿಮೀಟರು ಹೆಚ್ಚುಕಮ್ಮಿಯಾದರೂ ಸಹಿಸದ ಹೆಂಗಸು ಗುಬ್ಬಿ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಫ್ರೇಮಿಗೆ ತಕ್ಕ ಹಾಗೆ ಗಾಜು ಉಜ್ಜುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಅವಳ ಕೈಯಿಂದ ಹೋದ ಒಂದು ಗಾಜೂ ವಾಪಸು ಬಂದಿಲ್ಲ. ಅಂಥವಳು ಒಂದು ಕಾರಿನ ಸೀಟಿನ ವಿಷಯದಲ್ಲಿ ಹೇಗೆ ಮುಗ್ಗರಿಸಿದಳು ಅನ್ನುವುದನ್ನು ಹೇಳಲೇಬೇಕು.

ಗುಬ್ಬಿ ಅನ್ನುವುದು ಅಣ್ಣ ಇಟ್ಟ ಹೆಸರು. ಅವಳು ಅಷ್ಟು ಗಿಡ್ಡ. ಅಣ್ಣನೋ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಅವನ ಹತ್ತಿರ ಒಂದು ಪುಟ್ಟ ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ಬಟ್ಟೆಯ ಟಾಪು, ಕೆಂಪು ಬಣ್ಣ. ಅವನು ಕೊಳ್ಳುವಾಗಲೇ ಅದು ಸೆಕೆಂಡ್ ಹ್ಯಾಂಡು. ಅದರೊಳಗೆ ಕೂತರೆ ಮಡಚಿಟ್ಟ ಕುರ್ಚಿಯ ಹಾಗೆ ಕಾಣುತ್ತಿದ್ದ, ಆದರೂ ಮುಖದ ತುಂಬ ನಗು. ನನಗೂ ಕಲಿಸೋ ಅಂತ ಗುಬ್ಬಿ ದುಂಬಾಲು ಬಿದ್ದಾಗಲೆಲ್ಲ ಒಂದೇ ಉತ್ತರ: "ಮೊದ್ಲು ನಿನ್ನ ಕಾಲು ಎಟುಕಲಿ ಕಣೇ, ಆಮೇಲೆ ನೋಡೋಣ."

ಕಾಲು ಎಟುಕುವ ಮೊದಲೇ ಅವನು ಹೋಗಿಬಿಟ್ಟ. ಕಾರಿನಿಂದಲ್ಲ, ನಾಲ್ಕು ದಿನದ ಜ್ವರದಿಂದ. ತಿಂಗಳು ತುಂಬುವುದರೊಳಗೆ ಅಮ್ಮ ಆ ಕಾರನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಮಾರಿಬಿಟ್ಟಳು. ಗುಬ್ಬಿ ಕೂಗಾಡಿದಳು, ಎರಡು ದಿನ ಊಟ ಬಿಟ್ಟಳು. ಅಮ್ಮ ಜಪ್ಪಯ್ಯ ಅನ್ನಲಿಲ್ಲ. "ಅದು ಕೆಳಗೆ ನಿಂತಿದ್ರೆ ಅವನು ಮನೇಲಿದ್ದಾನೆ ಅನ್ಸುತ್ತೆ ಕಣೇ. ನನ್ನ ಕೈಲಾಗಲ್ಲ," ಅಂದಳು. ಅಮ್ಮ ಅವನ ಬಗ್ಗೆ ಆಡಿದ ಕೊನೆಯ ಮಾತೂ ಅದೇ. ಆಮೇಲೆ ಎಂಟು ವರ್ಷ ಅವನ ಸುದ್ದಿ ಬಂದರೆ ಸಾಕು, ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಆ ಮನೆಯಲ್ಲಿ ಅವನ ಹೆಸರಿಗೇ ಬೀಗ ಬಿದ್ದಿತ್ತು. ಗುಬ್ಬಿಗೆ ಅಣ್ಣ ಎಷ್ಟು ಬೇಕಿದ್ದನೋ ಅಷ್ಟೇ, ಅಣ್ಣನ ಬಗ್ಗೆ ಮಾತಾಡಲು ಒಂದು ಜೀವವೂ ಬೇಕಿತ್ತು. ಸಿಗಲಿಲ್ಲ.

ಈ ವರ್ಷ ಡಾಕ್ಟರು ಕಾರು ಮಾರುತ್ತಾರೆಂದು ತಿಳಿದದ್ದೇ ತಡ, ಗುಬ್ಬಿ ಕೂಡಿಟ್ಟಿದ್ದನ್ನೆಲ್ಲ ಬಾಚಿಕೊಂಡು ಹೋಗಿ ಕಾರನ್ನು ಲಾರಿಯಲ್ಲಿ ಹೇರಿಸಿ ತಂದಳು. ಕೆಂಪು ಮಾಸಿ ಹಳೇ ಬಕೆಟ್ಟಿನ ಬಣ್ಣವಾಗಿತ್ತು. ಅಂಗಳದಲ್ಲಿ ಇಳಿಸಿ ಮೇಲೆ ನೋಡಿದರೆ, ಅಮ್ಮ ಆ ಕಡೆಯ ಕಿಟಕಿಯ ಪರದೆ ಎಳೆಯುತ್ತಿದ್ದಳು.

ಗುಬ್ಬಿ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತಳು. ಸೀಟು ಪೂರ್ತಿ ಹಿಂದಕ್ಕಿತ್ತು. ಕಾಲ್ಬೆರಳ ತುದಿ ಮಾತ್ರ ಪೆಡಲಿಗೆ ತಾಗಿತು. ಇದು ಅಣ್ಣ ಬಿಟ್ಟುಹೋದ ಜಾಗ! ಇಷ್ಟು ಹಿಂದೆ ಇನ್ಯಾರು ಕೂರುತ್ತಾರೆ? ಅಂಗಡಿಯಲ್ಲಿ ಗಾಜಿಗೆ ಗುರುತು ಹಾಕುವ ಬಿಳಿ ಪೆನ್ನು ತಂದು, ಸೀಟು ಹಿಂದೆಮುಂದೆ ಸರಿಯುವ ಕಂಬಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದಳು. ಸೀಟು ಇಲ್ಲಿಂದ ಕದಲಬಾರದು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು, ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡು ಓಡಿಸಿದಳು. ಇಂಥ ಹುಚ್ಚಿಗೆ ಏನನ್ನಬೇಕೋ ನೀವೇ ಹೇಳಿ.

ಕಾರಿಗೆ ಏನೇನು ಮಾಡಿಸಬೇಕು ಅನ್ನುವ ಪಟ್ಟಿಯನ್ನು ಅಂಗಡಿಗೆ ಗಾಜು ತುಂಬಿ ಬರುವ ಕಾಗದದ ಲಕೋಟೆಯ ಹಿಂದೆ ಬರೆದಳು. ಅಣ್ಣ ಮಾಡಿಸುತ್ತೇನೆ ಮಾಡಿಸುತ್ತೇನೆ ಅಂತ ಹೇಳಿಯೇ ಮುಗಿಸಿದ ಆಸೆಗಳು ಕೆಲವು, ಅವಳವು ಕೆಲವು. ಅಗಲದ ಟೈರು, ಗಟ್ಟಿ ಸ್ಪ್ರಿಂಗು, ಗುಡುಗುವ ಸೈಲೆನ್ಸರು, ಸ್ಟೀರಿಂಗಿಗೆ ಚರ್ಮದ ಹೊದಿಕೆ. ಎಲ್ಲಕ್ಕಿಂತ ಕೊನೆಗೆ, ಅಗ್ಗದಲ್ಲಿ ಸಿಗುತ್ತದೆಂದು, ಪೆಡಲುಗಳಿಗೆ ಹೊಸ ರಬ್ಬರು. ಲಕೋಟೆ ಹಿಡಿದು ಕಾರು ರಿಪೇರಿಯ ಒಬ್ಬ ಮೇಸ್ತ್ರಿಯ ಗ್ಯಾರೇಜಿಗೆ ಹೋದಳು. ಮೇಸ್ತ್ರಿಗೆ ಅರವತ್ತು ದಾಟಿತ್ತು, ನಾಲಿಗೆ ಮಾತ್ರ ಇನ್ನೂ ಹರೆಯದ್ದು.

"ನಿಮ್ಮ ಹತ್ರ ಎಷ್ಟಿದೆ?" ಅಂದ ಪಟ್ಟಿ ನೋಡಿ.

ಗುಬ್ಬಿ ಹೇಳಿದಳು.

"ಅಷ್ಟಕ್ಕೆ ಸೈಲೆನ್ಸರಿನ ಹೊಗೆ ಮಾತ್ರ ಬರುತ್ತೆ." ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಪಟ್ಟಿಯನ್ನು ಸರಸರ ಗೀಚತೊಡಗಿದ. "ನೋಡಮ್ಮ, ಗಾಡಿ ಮೊದ್ಲು ನಿಲ್ಲಬೇಕು, ಆಮೇಲೆ ತಿರುಗಬೇಕು, ಕೊನೆಗೆ ಓಡಬೇಕು. ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ಲು ಈಗ್ಲೇ ಹಾಕೋಣ. ಟೈರು ಅಗಲದ್ದು ಬೇಡ, ಇದೇ ಅಳತೇದು ಒಳ್ಳೇದು ಹಾಕ್ಸಿ. ಸ್ಪ್ರಿಂಗು ಬೇಡ, ಚಕ್ರದ ಕೀಲಲ್ಲಿ ಸವೆದಿರೋ ಬುಷ್ ಬದಲಾಯಿಸಿದ್ರೆ ಸಾಕು, ಅರ್ಧ ಹೊಸ ಗಾಡಿ ಆಗುತ್ತೆ. ಪೆಡಲ್ ರಬ್ಬರು ಇರಲಿ, ಪಾಪ, ಚಿಲ್ಲರೆ ಕಾಸಿನದು. ಸೈಲೆನ್ಸರು ನಿಮ್ಮ ಮದುವೆಗೆ ನೋಡೋಣ."

"ಮದುವೆ ಸುದ್ದಿ ನಿಮಗ್ಯಾಕೆ ಮೇಸ್ತ್ರಿಗಳೇ, ಗಾಡಿ ನೋಡಿ."

"ಗಾಡೀನೇ ನೋಡ್ತಿರೋದು. ಈ ದಿಂಬು ಯಾಕೆ? ಎಲ್ಲಕ್ಕಿಂತ ಮೊದಲ್ನೇ ಕೆಲಸ, ಒಂದು ಕಾಸೂ ಖರ್ಚಿಲ್ಲದ್ದು, ಸೀಟು ಮುಂದಕ್ಕೆ ತಗೊಳ್ಳೋದು."

"ಸೀಟು ಮುಟ್ಟಬೇಡಿ." ಅವಳ ದನಿ ಏರಿದ್ದು ಅವಳಿಗೇ ತಿಳಿಯಿತು. ಮೇಸ್ತ್ರಿ ಹುಬ್ಬೇರಿಸಿ, ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

ಹದಿನೈದು ದಿನ ಸೀಟಿನ ಗೆರೆ ಹಾಗೇ ಇತ್ತು. ಹೊಸ ಪ್ಯಾಡು ಬಂತು, ಬುಷ್ ಬಂತು, ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳತೊಡಗಿತು. ಟೈರು ಮುಂದಿನ ಸಂಬಳಕ್ಕೆ ಅಂದುಕೊಂಡಳು. ಆಮೇಲೆ ಒಂದು ಮಧ್ಯಾಹ್ನ ನಾಲ್ಕು ರಸ್ತೆ ಕೂಡುವಲ್ಲಿ ಬ್ರೆಡ್ಡಿನ ವ್ಯಾನೊಂದು ತಟಕ್ಕನೆ ನಿಂತಿತು. ಗುಬ್ಬಿ ಬ್ರೇಕ್ ಒತ್ತಿದಳು. ಪೆಡಲು ಒಳಗೆ ಹೋಗುವ ಬದಲು ಅವಳ ಬೆನ್ನೇ ದಿಂಬಿನೊಳಕ್ಕೆ ಹೋಯಿತು. ಸೊಂಟ ಜಾರಿಸಿ, ಸ್ಟೀರಿಂಗ್ ಹಿಡಿದು ಜೋತು ಬಿದ್ದು, ಹೇಗೋ ಒತ್ತಿದಳು. ಕಾರು ನಿಂತಾಗ ವ್ಯಾನಿಗೂ ಅವಳಿಗೂ ನಡುವೆ ಒಂದು ಗೇಣಿತ್ತು. ಸೈಕಲ್ಲಿನಲ್ಲಿ ಮಗುವನ್ನು ಕೂರಿಸಿಕೊಂಡಿದ್ದ ಹೆಂಗಸೊಬ್ಬಳು ವ್ಯಾನಿನ ಪಕ್ಕದಿಂದ ಸರಿದು ಹೋದಳು. ಅವಳು ರಸ್ತೆ ದಾಟುವ ತನಕ ಗುಬ್ಬಿ ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

ನೇರ ಗ್ಯಾರೇಜಿಗೆ ಹೋಗಿ ನಡೆದದ್ದು ಹೇಳಿದಳು. ಸೀಟಿನ ಕಥೆಯನ್ನೂ ಹೇಳಿದಳು. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡ.

"ನಿಮ್ಮಣ್ಣ ಇದ್ದಿದ್ರೆ ಕಿವಿ ಹಿಂಡ್ತಿದ್ದ," ಅಂದ. "ಕೂತ್ಕೊಳ್ಳಿ ಆ ಕಡೆ. ಸೀಟು ಬಿಚ್ಚಿ ಕಂಬಿಗೆ ಗ್ರೀಸ್ ಹಾಕ್ಕೊಡ್ತೀನಿ."

ಅವಳು ಮರದ ಪೆಟ್ಟಿಗೆಯ ಮೇಲೆ ಕೂತು ಬೇರೆ ಕಡೆ ನೋಡಿದಳು. ನಾಲ್ಕು ಬೋಲ್ಟ್ ಬಿಚ್ಚುವ ಸದ್ದು ಕೇಳಿತು. ತಿರುಗಿ ನೋಡಿದಳು. ಮೇಸ್ತ್ರಿ ಸೀಟನ್ನು ತಲೆಕೆಳಗು ಮಾಡಿ ಹಿಡಿದುಕೊಂಡಿದ್ದ.

"ಇದು ಈ ಗಾಡಿ ಸೀಟೇ ಅಲ್ಲಮ್ಮ. ಬೇರೆ ಯಾವುದೋ ಗಾಡೀದು. ನೋಡಿ ಇಲ್ಲಿ, ಕೂರಲಿ ಅಂತ ತಗಡು ಕತ್ತರಿಸಿ ಹಾಕಿದ್ದಾರೆ. ಕಂಬೀನೂ ಅದರದ್ದೇ."

ಗುಬ್ಬಿ ಅಲ್ಲಿಂದಲೇ ಹಲ್ಲಿನ ಡಾಕ್ಟರಿಗೆ ಫೋನು ಮಾಡಿದಳು. ಹೌದಮ್ಮ, ಹಳೇ ಸೀಟು ನನ್ನ ಬೆನ್ನಿಗೆ ಆಗ್ತಿರಲಿಲ್ಲ, ತಗೊಂಡ ವಾರವೇ ಗುಜರಿಗೆ ಹಾಕಿದೆ, ಕಾಲು ಉದ್ದ ನೋಡಿ ನನ್ನದು, ಅಂತ ಅವರು ನಕ್ಕರು. ಅವಳೂ ನಗಬೇಕೆಂದುಕೊಂಡಳು, ಆಗಲಿಲ್ಲ. ಯಾವನದೋ ಬೆನ್ನುನೋವಿಗೆ ಅವಳು ಬಿಳಿ ಗೆರೆ ಎಳೆದು ಕಾವಲು ಕೂತಿದ್ದಳು! ಅಣ್ಣ ಈ ಕಾರಿನಲ್ಲಿ ಎಲ್ಲೂ ಇರಲಿಲ್ಲ. ಕೂಡಿಟ್ಟಿದ್ದನ್ನೆಲ್ಲ ಸುರಿದು ಅವಳು ತಂದದ್ದು ಒಂದು ಹಳೇ ಡಬ್ಬಿ. ಅವಳಿಗೆ ಅಳು ಒತ್ತರಿಸಿ ಬಂತು, ಅತ್ತಳು. ಮೇಸ್ತ್ರಿ ಆ ಕಡೆ ತಿರುಗಿ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಮತ್ತೆ ಒರೆಸಿದ.

ಸೀಟು ಮತ್ತೆ ಕೂತಿತು, ಮುಂದಕ್ಕೂ ಬಂತು. "ಕೂತು ನೋಡಿ," ಅಂದ ಮೇಸ್ತ್ರಿ. ಗುಬ್ಬಿ ದಿಂಬಿಲ್ಲದೆ ಕೂತಳು. ಮೊದಲ ಸಲ ಎರಡೂ ಪಾದ ಪೂರ್ತಿಯಾಗಿ ಪೆಡಲುಗಳ ಮೇಲೆ ಬಂದವು. ಬಲಗಾಲು ನೆಟ್ಟಗೆ ನಿಂತಿತು. ಎಡಗಾಲು ನಿಲ್ಲಲಿಲ್ಲ, ಹೊರಗಡೆಗೆ ವಾಲಿತು. ಸರಿ ಮಾಡಿಕೊಂಡಳು, ಮತ್ತೆ ವಾಲಿತು. ಕೆಳಗಿಳಿದು ಮಂಡಿಯೂರಿ ನೋಡಿದಳು. ಕ್ಲಚ್ಚಿನ ರಬ್ಬರು ಬಲಗಡೆ, ಅಚ್ಚಿನ ಗೀರುಗಳು ಅಳಿಯದೆ, ಇದ್ದ ಹಾಗೇ ಇತ್ತು. ಎಡ ಅಂಚು ಮಾತ್ರ ಕಬ್ಬಿಣ ಕಾಣುವಷ್ಟು ಸವೆದಿತ್ತು.

ಅಣ್ಣನ ಎಡಗಾಲು ಚಿಕ್ಕಂದಿನಿಂದಲೂ ಹೊರಗಡೆಗೆ ವಾಲುತ್ತಿತ್ತು. ಹೊಸ ಬೂಟು ತಂದ ಎರಡೇ ತಿಂಗಳಿಗೆ ಎಡಗಡೆಯ ಹಿಮ್ಮಡಿ ಓರೆಯಾಗಿ ಸವೆದು ಹೋಗುತ್ತಿತ್ತು. ಬಲಗಾಲಿನದು ಮೊಮ್ಮಗ, ಎಡಗಾಲಿನದು ತಾತ ಅಂತ ಬೂಟು ಹೊಲಿಯುವವನು ತಮಾಷೆ ಮಾಡುತ್ತಿದ್ದ. ಅಮ್ಮನಿಗೆ ಮಾತ್ರ ಅದು ತಮಾಷೆಯಲ್ಲ.

ಮೇಸ್ತ್ರಿ ಹೊಸ ರಬ್ಬರು ಹಿಡಿದು ಬಂದ. "ಇದೊಂದು ಹಾಕಿಬಿಡ್ತೀನಿ."

"ಬೇಡ," ಅಂದಳು. "ಕ್ಲಚ್ಚಿಂದು ಬೇಡ. ಬ್ರೇಕಿಗೆ ಹಾಕಿ."

ಮೇಸ್ತ್ರಿ ಬಗ್ಗಿ ನೋಡಿದ. "ಇದು ಗಾಡಿ ಜೊತೆ ಬಂದಿರೋದೇ. ಯಾರೂ ಬದಲಾಯಿಸಿಲ್ಲ," ಅಂದು, ಕೇಳದೆಯೇ ಪಟ್ಟಿಯಲ್ಲಿ ಆ ಸಾಲನ್ನು ಹೊಡೆದುಹಾಕಿದ.

ಮನೆಗೆ ಬಂದಾಗ ಅಮ್ಮ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಪರದೆ ಎಳೆದೇ ಇತ್ತು.

"ಅಮ್ಮ, ಕೆಳಗೆ ಬಾ. ಒಂದು ತೋರಿಸ್ಬೇಕು."

"ನನಗೇನೂ ನೋಡೋದಿಲ್ಲ."

"ಕ್ಲಚ್ಚಿನ ರಬ್ಬರು ಸವೆದಿದೆ ಅಮ್ಮ. ಒಂದೇ ಕಡೆ. ಎಡಗಡೆ."

ಅಮ್ಮ ಅಡುಗೆಮನೆಯ ಕಡೆ ಹೆಜ್ಜೆ ಇಟ್ಟವಳು ನಿಂತಳು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಗುಬ್ಬಿಯ ಹಿಂದೆ ಮೆಟ್ಟಿಲಿಳಿದಳು. ಕಾರಿನ ಹತ್ತಿರ ಬಂದಾಗ ಗುಬ್ಬಿ ಬಾಗಿಲು ತೆಗೆದಳು. ಅಮ್ಮ ಬಾಗಿಲನ್ನು ಹಿಡಿದುಕೊಂಡು, ಮಂಡಿನೋವಿಗೆ ಮುಖ ಕಿವುಚುತ್ತ ಕೆಳಗೆ ಕೂತಳು. ಕೈ ಒಳಗೆ ಹಾಕಿ ಆ ಸವೆದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಬಡ್ಕೊಂಡೆ," ಅಂದಳು. "ನೆಟ್ಟಗೆ ಕಾಲಿಡೋ, ನೆಟ್ಟಗೆ ಕಾಲಿಡೋ ಅಂತ ಬಡ್ಕೊಂಡೆ. ಕೇಳಿದ್ನಾ ನನ್ನ ಮಾತು? ಬೂಟಾಯ್ತು, ಚಪ್ಪಲಿಯಾಯ್ತು, ಇದನ್ನೂ ಬಿಡ್ಲಿಲ್ಲ ನೋಡು ಹಾಳಾದವನು!"

ಎಂಟು ವರ್ಷದಲ್ಲಿ ಅಮ್ಮ ಅವನನ್ನು ಬೈದದ್ದು ಅದೇ ಮೊದಲು. ಗುಬ್ಬಿ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅಮ್ಮ ಇನ್ನೂ ಬೈಯುತ್ತಲೇ ಇದ್ದಳು.